ಊರುಗೋಲಿಗೆ ನೆರಳು

ಬೇಸಿಗೆಯ ದಿನಗಳಲ್ಲಿ ಸಂಜೆಯ ವಾರ್ತೆಯ ಕೊನೆಗೆ ಬರುವ ಹವಾಮಾನದ ವರದಿಯನ್ನು ತಾವೆಲ್ಲರೂ ಕೇಳಿಯೇ ಇರುತ್ತೀರಿ. ಕಲಬುರಗಿಯಲ್ಲಿ ಈ ದಿನದ ಗರಿಷ್ಠ ಉಷ್ಣತೆ 42 ಡಿಗ್ರಿ ಎಂದೊಡನೆ ಮನೆಯ ಹಿರಿಯರು 'ಇಷ್ಟೇ ಏನು?' ಎಂದು ಹುಬ್ಬೇರಿಸುತ್ತಾರೆ. ಅವರ ಸಂಶಯ ಸುಳ್ಳಲ್ಲ. ಆ 42 ಡಿಗ್ರಿ ಎಂಬುದು ನೆರಳಿನ ಲೆಕ್ಕ. ಬಿಳಿಯ ಬಣ್ಣ ಬಳಿದು, ಗಾಳಿಯಾಡಲು ಓರೆಯಾದ ಪಟ್ಟಿಗಳನ್ನು ಜೋಡಿಸಿ, ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ ನಿಲ್ಲಿಸಿದ ಮರದ ಪೆಟ್ಟಿಗೆಯೊಂದರೊಳಗೆ ಉಷ್ಣಮಾಪಕವನ್ನಿಟ್ಟು ಅಳೆಯುವ ಲೆಕ್ಕವದು. ಅದಕ್ಕೆ ಸ್ಟೀವನ್‌ಸನ್ ಪೆಟ್ಟಿಗೆಯೆಂದು ಹೆಸರು. ಅದನ್ನು ರಚಿಸಿದ ಥಾಮಸ್ ಸ್ಟೀವನ್‌ಸನ್ ಎಂಬಾತ ಸ್ಕಾಟ್ಲೆಂಡಿನ ಸಮುದ್ರತೀರದಲ್ಲಿ ದೀಪಸ್ತಂಭಗಳನ್ನು ಕಟ್ಟಿಸುತ್ತಿದ್ದ ಎಂಜಿನಿಯರು. 'ಟ್ರೆಷರ್ ಐಲೆಂಡ್' ಕಾದಂಬರಿ ಬರೆದವನ ತಂದೆ. ಪೆಟ್ಟಿಗೆಯೊಳಗಿನ ಪಾದರಸಕ್ಕೆ ನೆರಳೂ ಇದೆ, ಗಾಳಿಯೂ ಇದೆ. ಆಳಂದದ ಬಸ್ ನಿಲ್ದಾಣದಲ್ಲಿಳಿದು ಕೋಲೂರುತ್ತ ಕಚೇರಿಯ ಕಡೆಗೆ ಹೊರಟ ಮುದುಕನಿಗೆ ಅವೆರಡೂ ಇಲ್ಲ.

ನಾನು ಈಗ ಮಾತನಾಡಬೇಕೆಂದಿರುವುದು ಆ ಮುದುಕನ ಕೈಯಲ್ಲಿರುವ ಕೋಲನ್ನು ಕುರಿತು. ಕನ್ನಡ ಪಂಡಿತನಾದವನು ಕೋಲಿನ ಮಾತೆತ್ತಿದರೆ ವಿದ್ಯಾರ್ಥಿಗಳು ಹಿಂದಿನ ಬಾಗಿಲನ್ನು ಹುಡುಕುವುದು ವಾಡಿಕೆ. ತಾವು ಹಾಗೆ ಮಾಡಬೇಕಾಗಿಲ್ಲ. ಇದು ಬೆನ್ನಿಗೆ ಬೀಳುವ ಕೋಲಲ್ಲ, ಕೈಗೆ ಆಸರೆಯಾಗುವ ಕೋಲು. ಊರು ಎಂಬ ಧಾತುವಿಗೆ ಕೋಲು ಸೇರಿ ಕಕಾರಕ್ಕೆ ಗಕಾರ ಆದೇಶವಾಗಿ ಊರುಗೋಲು ಎಂದಾಯಿತು. ಊರುವುದೆಂದರೆ ನೆಲಕ್ಕೆ ನಾಟಿ ಒತ್ತುವುದು. ಹೆಸರಿನಲ್ಲಿಯೇ ಅದರ ಕೆಲಸವಿದೆ. ಆದರೆ ನಮ್ಮ ಮೂರು ತಾಲೂಕುಗಳ, ಎಂದರೆ ಆಳಂದ, ಅಫಜಲಪುರ, ಜೇವರ್ಗಿಗಳ ಚೈತ್ರ ವೈಶಾಖಗಳಲ್ಲಿ ಭಾರ ಹೊರುವ ಕೋಲೊಂದೇ ಸಾಲದು, ಆ ಕೋಲು ತಂಪನ್ನೂ ಹೊತ್ತು ನಡೆಯಬೇಕು ಎಂಬುದು ನನ್ನ ವಾದ. ಕಾರಣ ಬಹಳ ಸರಳವಾದದ್ದು. ನಮಗೆ ನಿಮಗೆ ಬಿಸಿಲು ತಾಕಿದರೆ ಒಂದು ಕೈಯಲ್ಲಿ ಕೊಡೆ ಹಿಡಿಯುತ್ತೇವೆ, ಇನ್ನೊಂದರಲ್ಲಿ ನೀರಿನ ಬಾಟ್ಲಿ. ಊರುಗೋಲು ಹಿಡಿದವನಿಗೆ ಉಳಿದಿರುವುದು ಒಂದೇ ಕೈ. ಆ ಕೈಯಲ್ಲಿ ಔಷಧದ ಚೀಲವೋ ರೇಷನ್ ಕಾರ್ಡೋ ಇರುತ್ತದೆ. ನಾಲ್ಕು ಕಾಲಿನ ವಾಕರ್ ಹಿಡಿದವನಿಗಂತೂ ಒಂದು ಕೈಯೂ ಉಳಿದಿಲ್ಲ. ನೆರಳು ಯಾರಿಗೆ ಹೆಚ್ಚು ಬೇಕೋ ಅವರಿಗೆ ಅದನ್ನು ಹಿಡಿಯುವ ಕೈಯೇ ಇಲ್ಲ.

ಹಿಂದಿನವರು ಕೋಲು, ನೀರು, ನೆರಳು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಬಲಿಯ ಯಜ್ಞಶಾಲೆಗೆ ಬಂದ ವಾಮನನನ್ನು ವರ್ಣಿಸುವಾಗ ಪುರಾಣ ಹೇಳುವವರು ದಂಡ, ಕಮಂಡಲು, ಛತ್ರಗಳನ್ನು ಮರೆಯುವುದಿಲ್ಲ. ನಮ್ಮ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ, ಭೀಮಾ ಅಮರಜಾ ನದಿಗಳು ಕೂಡುವೆಡೆಯಲ್ಲಿ, ನರಸಿಂಹ ಸರಸ್ವತಿಗಳ ಪಾದುಕೆಗಳಿಗೆ ನಡೆಯುವ ಪೂಜೆಯನ್ನು ತಾವು ಕಂಡಿರಬಹುದು. ಅಲ್ಲಿಯ ಚಿತ್ರಪಟಗಳಲ್ಲಿಯೂ ಯತಿಗಳ ಕೈಯಲ್ಲಿ ದಂಡವೂ ಕಮಂಡಲುವೂ ಜೊತೆಜೊತೆಗೇ ಇರುತ್ತವೆ. ದೂರ ನಡೆಯುವವನ ಸಾಮಾನು ಅಷ್ಟೇ ಎಂಬುದು ಅವರಿಗೆ ಗೊತ್ತಿತ್ತು. ಆದರೆ ವಾಮನನು ಎಳೆಯ ವಟು ಎಂಬುದನ್ನು ನೆನಪಿಡಬೇಕು. ಅವನ ದಂಡ ಆಶ್ರಮದ ಚಿಹ್ನೆ. ಅವನೇನೂ ಮೊಣಕಾಲು ನೋವಿನಿಂದ ಅದನ್ನು ಊರುತ್ತಿರಲಿಲ್ಲ. ಮೂರು ವಸ್ತುಗಳಿಗೆ ಎರಡು ಕೈ ಅವನಿಗೆ ಹೇಗೋ ಸಾಕಾದವು.

ನಾನು ಮೊದಲು ನೌಕರಿಗೆ ಸೇರಿದ್ದು ಜೇವರ್ಗಿಯಲ್ಲಿ. ಆಗ ಅಲ್ಲಿ ನಿವೃತ್ತರಾದ ಹಿರಿಯ ಮಾಸ್ತರರೊಬ್ಬರಿದ್ದರು. ಧೋತರ, ಕರಿಯ ಕೋಟು, ಕೈಯಲ್ಲಿ ಕೊಂಕಿನ ಹಿಡಿಕೆಯ ಕರಿಯ ಛತ್ರಿ. ಮಡಚಿದರೆ ಅದೇ ಅವರ ಊರುಗೋಲು, ಬಿಚ್ಚಿದರೆ ಅದೇ ನೆರಳು. ನಾವು ಹುಡುಗ ಮಾಸ್ತರರೆಲ್ಲ ಅವರ ಜಾಣತನವನ್ನು ಮೆಚ್ಚಿದ್ದೆವು. ಒಂದು ಮಧ್ಯಾಹ್ನ ಕಲ್ಲಿನ ಮೆಟ್ಟಿಲುಗಳನ್ನು ಇಳಿಯುವಾಗ ಛತ್ರಿಯ ಕಬ್ಬಿಣದ ತುದಿ ಸರ್ರನೆ ಜಾರಿತು; ಅವರು ಮೂರು ಮೆಟ್ಟಿಲು ಕೆಳಗೆ ಬಂದು ಕುಳಿತರು. ಪೆಟ್ಟು ದೊಡ್ಡದಾಗಲಿಲ್ಲ. ಆದರೆ ಅಂದು ನನಗೆ ಹೊಳೆದ ವಿಷಯವೊಂದುಂಟು: ಅವರು ಬಿಸಿಲಿಗಾಗಿ ಛತ್ರಿ ಬಿಚ್ಚಿದೊಡನೆ ಅವರ ಕೈಯ ಕೋಲು ಮಾಯವಾಗುತ್ತಿತ್ತು. ನೆರಳು ಬೇಕಾದರೆ ಕೋಲಿಲ್ಲ, ಕೋಲು ಬೇಕಾದರೆ ನೆರಳಿಲ್ಲ.

ಛತ್ರಿಯು ಕೋಲಿನಷ್ಟು ಸಣ್ಣಗಾದದ್ದೂ ತೀರ ಹಳೆಯ ಕಥೆಯಲ್ಲ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್ ಎಂಬ ಉಕ್ಕಿನ ವ್ಯಾಪಾರಿ 1852ರಲ್ಲಿ, ನಡುವೆ ತೋಡಿರುವ ತೆಳುವಾದ ಉಕ್ಕಿನ ಕಡ್ಡಿಗಳ ಚೌಕಟ್ಟಿಗೆ ಹಕ್ಕುಪತ್ರ ಪಡೆದನು. ಅಲ್ಲಿಂದ ಛತ್ರಿ ಹಗುರವಾಯಿತು, ಸುತ್ತಿದರೆ ಬೆತ್ತದಂತಾಯಿತು. ಇಂದಿನ ಅಂಗಡಿಗಳಲ್ಲಿ ಇನ್ನೂ ಮುಂದುವರಿದ ಪದಾರ್ಥಗಳು ದೊರೆಯುತ್ತವೆ. ಕೋಲಿನ ಕೊಳವೆಯೊಳಗೆ ಛತ್ರಿಯನ್ನು ಹುದುಗಿಸಿ, ಬೇಕಾದಾಗ ಕತ್ತಿಯನ್ನು ಒರೆಯಿಂದ ಸೆಳೆಯುವಂತೆ ಸೆಳೆಯುವುದೊಂದು ಬಗೆ. ಕೋಲು ಕೋಲಾಗಿಯೇ ಉಳಿಯುತ್ತದೆ ನಿಜ, ಆದರೆ ಎರಡೂ ಕೈ ತುಂಬಿ ಹೋಗುತ್ತವೆ. ಚಕ್ರದ ವಾಕರಿಗೆ ಸಿಕ್ಕಿಸುವ ಕೊಡೆ ಇನ್ನೊಂದು ಬಗೆ. ಪುಟ್ಟ ಬೀಸಣಿಗೆಯೊಂದನ್ನು ಹಿಡಿಕೆಯ ಬಳಿ ಕೂರಿಸಿ ಬ್ಯಾಟರಿಯಿಂದ ತಿರುಗಿಸುವುದು ಮತ್ತೊಂದು.

ಈ ಬೀಸಣಿಗೆಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು, ಏಕೆಂದರೆ ಪಟ್ಟಣದಲ್ಲಿರುವ ಮಕ್ಕಳು ಹಳ್ಳಿಯ ತಂದೆತಾಯಿಗಳಿಗೆ ಪ್ರೀತಿಯಿಂದ ಕೊಂಡು ತರುವುದು ಇದನ್ನೇ. ನಮ್ಮ ಚರ್ಮದ ಬಿಸಿ ಸುಮಾರು 35 ಡಿಗ್ರಿ. ಸುತ್ತಲ ಗಾಳಿ ಅದಕ್ಕಿಂತ ತಂಪಾಗಿದ್ದರೆ ಬೀಸಿದ ಗಾಳಿ ಹಿತವಾಗುತ್ತದೆ. ಗಾಳಿಯೇ ಅದಕ್ಕಿಂತ ಬಿಸಿಯಾಗಿದ್ದರೆ ಮೈಯ ಬೆವರು ಆರುವವರೆಗೆ ಮಾತ್ರ ಸುಖ. 40 ಡಿಗ್ರಿ ದಾಟಿದ ಮೇಲೆ ಬೀಸಣಿಗೆಯನ್ನು ನಂಬಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆಯವರೂ ಹೇಳುತ್ತಾರೆ. ವಯಸ್ಸಾದವರಿಗೆ ಬೆವರು ಕಡಿಮೆ, ಬಾಯಾರಿಕೆಯ ಅರಿವೂ ಕಡಿಮೆ. ನಮ್ಮ ಮೇ ತಿಂಗಳ ಎರಡು ಗಂಟೆಯಲ್ಲಿ ಒಣಗಿದ ಮೈಗೆ ಬೀಸುವ ಈ ಪುಟ್ಟ ಯಂತ್ರ ಕಮ್ಮಾರನ ತಿದಿಯ ಕೆಲಸ ಮಾಡೀತೇ ಹೊರತು ತಂಪು ಮಾಡದು.

ತಂಪು ಮಾಡುವುದು ನೀರು. ಒಂದು ಲೀಟರು ನೀರು ಆವಿಯಾಗಿ ಹೋಗುವಾಗ ತನ್ನೊಡನೆ ಒಯ್ಯುವ ಶಾಖ ಎಷ್ಟೆಂದರೆ, ಅದರಿಂದ ಸುಮಾರು ಏಳು ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರಬಹುದು. ಮಣ್ಣಿನ ಕೊಡದ ನೀರು ತಣ್ಣಗಿರುವುದಕ್ಕೆ, ಹಿಂದೆ ಗಾಡಿಯ ಮೂಕಿಗೆ ಕಟ್ಟಿ ಒಯ್ಯುತ್ತಿದ್ದ ತತ್ರಾಣಿಯ ನೀರು ಮಟಮಟ ಮಧ್ಯಾಹ್ನದಲ್ಲಿಯೂ ಹಲ್ಲು ಜುಮ್ಮೆನಿಸುತ್ತಿದ್ದುದಕ್ಕೆ ಇದೇ ಕಾರಣ. ಗಾಳಿ ಒಣಗಿದಷ್ಟೂ ಈ ಉಪಾಯ ಹೆಚ್ಚು ಫಲಿಸುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಇದು ಅಷ್ಟಾಗಿ ನಡೆಯದು. ನಮ್ಮ ಬಿಸಿಲು ಕ್ರೂರವಾದರೂ ಒಣ ಬಿಸಿಲು. ಅದರ ಕ್ರೌರ್ಯದಲ್ಲಿಯೇ ಅದಕ್ಕೆ ಮದ್ದೂ ಇದೆ. ಒದ್ದೆ ಮಾಡಿ ಹಿಂಡಿದ ರುಮಾಲನ್ನು ತಲೆಗೆ ಸುತ್ತಿ, ಅದರ ಒಂದು ಸೆರಗನ್ನು ಕುತ್ತಿಗೆಯ ಮೇಲೆ ಇಳಿಬಿಟ್ಟು ನಡೆಯುವ ನಮ್ಮ ರೈತ, ಕೈಗಳೆರಡನ್ನೂ ಖಾಲಿ ಇಟ್ಟುಕೊಂಡೇ ನೆರಳನ್ನೂ ನೀರನ್ನೂ ತಲೆಯ ಮೇಲೆ ಹೊತ್ತಿರುತ್ತಾನೆ. ಅಂಗಡಿಯ ಯಾವ ಬೀಸಣಿಗೆಗೂ ಇಷ್ಟು ಬುದ್ಧಿಯಿಲ್ಲ.

ಇನ್ನು ನಮ್ಮ ಕಾಕಾನವರ ಮಾತು. ಅವರ ಊರು ಅಫಜಲಪುರ ತಾಲೂಕಿನಲ್ಲಿ ಭೀಮೆಯ ದಂಡೆಗೆ. ತೊಡೆಯ ಎಲುಬು ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ ಅವರಿಗೆ ಒಂದು ಶಿಬಿರದಲ್ಲಿ ಅಲ್ಯೂಮಿನಿಯಮ್ ವಾಕರ್ ದೊರಕಿತು. ಕಾಕಾ ಅದಕ್ಕೆ ಕುದುರೆಯೆಂದು ಹೆಸರಿಟ್ಟರು. ಮಾಘಮಾಸದಲ್ಲಿ ನಾನು ಹೋದಾಗ ಆ ಕುದುರೆಯನ್ನೇರಿ ಬೇವಿನ ಕಟ್ಟೆಯವರೆಗೆ ಹೋಗಿ ಬರುತ್ತಿದ್ದರು. ಮನೆಯಿಂದ ಕಟ್ಟೆಗೆ ಇನ್ನೂರು ಹೆಜ್ಜೆ ಇದ್ದೀತು. ವೈಶಾಖದಲ್ಲಿ ಹೋದಾಗ ನೋಡಿದರೆ ಕುದುರೆ ಮೂಲೆಗೆ ನಿಂತಿತ್ತು, ಕಾಕಾ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು.

"ಯಾಕ ಕಾಕಾ, ಕಟ್ಟಿಗೆ ಹೋಗಂಗಿಲ್ಲೇನ್ರಿ?" ಎಂದೆ.

"ಕುದುರಿ ಚಲೋನೇ ಅದ ತಮ್ಮಾ. ಆದ್ರ ಬ್ಯಾಸಿಗ್ಯಾಗ ಅದು ಕುದುರಿ ಅಲ್ಲ, ಹಂಚು. ರೊಟ್ಟಿ ಬಡದು ಹಾಕಿದ್ರ ಬೇಯ್ತಾವ ನೋಡು."

"ಹಂಗಾದ್ರ ಹೊತ್ತು ಮುಣುಗಿದ ಮ್ಯಾಲ ಹೋಗ್ರಿ."

"ಹೊತ್ತು ಮುಣುಗಿದ ಮ್ಯಾಲ ಅಲ್ಲಿ ಯಾರಿರ್ತಾರ? ಮಂದಿ ಕೂಡೋದೇ ಮಧ್ಯಾಹ್ನ, ಗಿಡದ ನೆಳ್ಳಿಗೆ. ಖಾಲಿ ಕಟ್ಟಿ ನೋಡಾಕ ನಾ ಯಾಕ ಹೋಗಲಿ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮುದುಕರು ಮಧ್ಯಾಹ್ನ ಹೊರಗೆ ಬರಬಾರದೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬಿಸಿಲು ಮೂರು ತಿಂಗಳು. ಎಂಬತ್ತರ ಹತ್ತಿರ ಬಂದವರಿಗೆ ಮೂರು ತಿಂಗಳು ಮಾತಿಲ್ಲದೆ ಗೋಡೆ ನೋಡುತ್ತ ಮಲಗುವುದೂ ಒಂದು ರೋಗವೇ. ಮೂರು ತಿಂಗಳು ನಡೆಯದ ಕಾಲು ಮಳೆಗಾಲದಲ್ಲಿ ನಡೆಯುತ್ತೇನೆಂದರೆ ನಡೆದೀತೆ?

ವಾಕರನ್ನು ಪರೀಕ್ಷಿಸಿದೆ. ಒಂದು ಬದಿಯ ಕಪ್ಪು ಹಿಡಿಕೆ ಸೀಳಿ ಉದುರಿಹೋಗಿತ್ತು. ಕಾಕಾ ಬರಿಯ ಕೊಳವೆಯನ್ನೇ ಹಿಡಿಯುತ್ತಿದ್ದರು. ಅಲ್ಯೂಮಿನಿಯಮ್ಮು ಕಟ್ಟಿಗೆಗಿಂತ ಸುಮಾರು ಸಾವಿರ ಪಟ್ಟು ವೇಗವಾಗಿ ಶಾಖವನ್ನು ಸಾಗಿಸುವ ಲೋಹ. ಬಿಸಿಲಿನಲ್ಲಿ ಇಟ್ಟ ಬೇವಿನ ಬಡಿಗೆಯೂ ಈ ಕೊಳವೆಯೂ ಒಂದೇ ಸಮನಾಗಿ ಕಾದಿದ್ದರೂ, ಬಡಿಗೆ ತನ್ನ ಬಿಸಿಯನ್ನು ನಿಧಾನವಾಗಿ ಕೊಡುತ್ತದೆ, ಕೊಳವೆ ಒಮ್ಮೆಲೇ ಅಂಗೈಗೆ ಸುರಿಯುತ್ತದೆ. ಕೈ ಸುಟ್ಟರೆ ಮನುಷ್ಯ ತಿಳಿಯದೆಯೇ ಬಿಡುತ್ತಾನೆ. ಬಿಟ್ಟರೆ ಬೀಳುತ್ತಾನೆ. ಹಗುರವೆಂದು ಮೆಚ್ಚಿ ಮಾಡಿದ ಲೋಹವೇ ಇಲ್ಲಿ ಅಪಾಯವಾಯಿತು.

ಮದ್ದು ಮನೆಯಲ್ಲಿಯೇ ಇತ್ತು. ಕಾಕಾನವರ ಸೊಸೆ ಹಳೆಯ ಕೌದಿಯೊಂದರಿಂದ ಅಂಗೈಯಗಲದ ಪಟ್ಟಿ ಹರಿದು ಎರಡೂ ಹಿಡಿಕೆಗಳಿಗೆ ಬಿಗಿಯಾಗಿ ಸುತ್ತಿ ದಬ್ಬಣದಿಂದ ಹೊಲಿದರು. ಹೊರಡುವ ಮುನ್ನ ಅದಕ್ಕೆ ನಾಲ್ಕು ಹನಿ ನೀರು ಚಿಮುಕಿಸಿದರೆ ಕಟ್ಟೆ ಮುಟ್ಟುವವರೆಗೆ ಅಂಗೈ ತಣ್ಣಗಿರುತ್ತದೆ. ತೊಯ್ದು ತೊಪ್ಪೆಯಾಗುವಷ್ಟು ಹಾಕಬಾರದು, ಕೈ ಜಾರೀತು. ಮುಂದಿನ ಅಡ್ಡ ಕೊಳವೆಯ ನಟ್ಟನಡುವೆ, ಒದ್ದೆ ಬಟ್ಟೆ ಸುತ್ತಿದ ಅರ್ಧ ಲೀಟರಿನ ಬಾಟ್ಲಿ ಕಟ್ಟಿದೆವು. ನಟ್ಟನಡುವೆ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಒಂದು ಬದಿಗೆ ಭಾರ ತೂಗಿದರೆ ಎತ್ತಿ ಇಡುವಾಗ ವಾಕರು ಓರೆಯಾಗುತ್ತದೆ.

ಉಳಿದದ್ದು ನೆರಳು. ಊರಿನ ಸೈಕಲ್ ಅಂಗಡಿಯವನು ಬಲಗಡೆಯ ಮುಂಗಾಲಿಗೆ ಕೊಳವೆಯ ತುಂಡೊಂದನ್ನು ಎರಡು ಕ್ಲಾಂಪುಗಳಿಂದ ಬಿಗಿದು ಅದರಲ್ಲಿ ದೊಡ್ಡ ಛತ್ರಿಯನ್ನು ಸಿಕ್ಕಿಸಿದನು. ಕಪ್ಪು ಬಟ್ಟೆ ಬಿಸಿಲನ್ನು ತಡೆದರೂ ತಾನು ಕಾಯುತ್ತದೆಂದು ಮೇಲೆ ಹಳೆಯ ಧೋತರದ ಬಿಳಿ ಹೊದಿಕೆ ಹೊಲಿಸಿದೆವು. ಎಂಟು ದಿನ ಕಾಕಾ ಮೆರವಣಿಗೆಯ ಅರಸನಂತೆ ಕಟ್ಟೆಗೆ ಹೋಗಿ ಬಂದರು. ಬೆಳ್ಗೊಡೆಯೆಂದು ನಾವು ಹಳಗನ್ನಡದಲ್ಲಿ ಓದಿದ್ದು ಅಂದು ನಮ್ಮೂರ ಓಣಿಯಲ್ಲಿ ನಡೆದು ಬರುತ್ತಿತ್ತು. ಒಂಬತ್ತನೆಯ ದಿನ ಅಡ್ಡಮಳೆಯ ಗಾಳಿ ಎದ್ದಿತು. ಛತ್ರಿ ಹಡಗಿನ ಪಟದಂತೆ ಉಬ್ಬಿ ವಾಕರಿನ ಒಂದು ಕಾಲನ್ನು ನೆಲದಿಂದ ಎತ್ತಿತು. ಕಾಕಾ ಕುಸಿದು ಕುಳಿತರು. ಮೊಣಕೈ ತರಚಿದ್ದು ಬಿಟ್ಟರೆ ಬೇರೆ ಏನೂ ಆಗಲಿಲ್ಲ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ಮೂರು ಕಿಲೋ ತೂಕದ ಚೌಕಟ್ಟಿಗೆ ಅಷ್ಟು ದೊಡ್ಡ ಛತ್ರಿ ಕಟ್ಟಿದ್ದು ನನ್ನ ಅವಿವೇಕ, ಸೈಕಲ್ ಅಂಗಡಿಯವನದಲ್ಲ. ಅವನು ಮೊದಲೇ ತಲೆಯಾಡಿಸಿದ್ದ.

ಎರಡನೆಯ ಸಲ ಅವನ ಮಾತನ್ನೇ ಕೇಳಿದೆ. ಶಾಲೆಯ ಮಕ್ಕಳು ಹಿಡಿಯುವಂಥ ಸಣ್ಣ ಕೊಡೆ. ಅದನ್ನು ಬದಿಗಲ್ಲ, ಅಡ್ಡ ಕೊಳವೆಯ ಮಧ್ಯದಲ್ಲಿ ನಿಲ್ಲಿಸಿ, ತಲೆಯ ಮೇಲೆ ಬರುವಂತೆ ಕೊಳವೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದ. ಮುಖ್ಯವಾದ ಸಂಗತಿ ಇದು: ಕೊಡೆಯ ಕಾಲನ್ನು ಬಿಗಿಯದೆ ಸಡಿಲವಾಗಿ ಕೂರಿಸಿದ. ಜೋರು ಗಾಳಿ ಬಂದರೆ ಕೊಡೆ ಕಿತ್ತು ಹಾರಬೇಕು, ವಾಕರು ನಿಲ್ಲಬೇಕು. ಹೀಗೆ ಎರಡು ಸಲ ಹಾರಿತಂತೆ. "ಕೊಡಿ ಹಿಡಿಯಾಕ ಓಣಿ ಹುಡುಗರು ಓಡ್ತಾರ, ನಾ ನಿಂತು ನೋಡ್ತೀನಿ" ಎಂದು ಕಾಕಾ ನಗುತ್ತ ಹೇಳಿದರು. ಮೋಡ ಕವಿದರೆ ಕೊಡೆ ಮನೆಯಲ್ಲಿಯೇ ಇರುತ್ತದೆ. ಹನ್ನೊಂದು ಗಂಟೆಗೆ ಕಟ್ಟೆಗೆ ಹೋದರೆ ಮರಳುವುದು ಐದರ ಮೇಲೆ. ನಡುವಿನ ಹೊತ್ತು ಬೇವಿನ ನೆರಳಿನದು. ತಲೆಗೆ ಒದ್ದೆ ರುಮಾಲು ಇದ್ದೇ ಇದೆ.

ಒಂಟಿ ಕೋಲು ಹಿಡಿಯುವವರಿಗೆ ಕೊಡೆ ಕಟ್ಟುವ ಗೋಜು ಬೇಡ. ರುಮಾಲು ಅಥವಾ ಅಗಲ ಅಂಚಿನ ಟೊಪ್ಪಿಗೆಯೇ ಲೇಸು. ಕೋಲಿನ ಅಳತೆಯನ್ನು ಮಾತ್ರ ತಪ್ಪದೆ ನೋಡಿರಿ. ನೆಟ್ಟಗೆ ನಿಂತು ತೋಳನ್ನು ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಸಮನಾಗಿರಬೇಕು. ನೋವಿರುವುದು ಎಡಗಾಲಾದರೆ ಕೋಲು ಬಲಗೈಯಲ್ಲಿರಬೇಕು. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಅಂಗೈಯಗಲ ಬಾಯಿಬಿಡುವುದರಿಂದ, ಹೊಲದ ದಾರಿಯಲ್ಲಿ ಸಣ್ಣ ತುದಿಯ ಕೋಲು ಬಿರುಕಿನಲ್ಲಿ ಇಳಿದು ಮುರಿಯುವುದುಂಟು. ಅಲ್ಲಿಗೆ ಅಗಲವಾದ ರಬ್ಬರ್ ಬುಡ ಬೇಕು. ರಕ್ತದೊತ್ತಡಕ್ಕಾಗಿ ಮೂತ್ರ ಹೋಗಿಸುವ ಗುಳಿಗೆ ನುಂಗುವವರು ಬೇಸಿಗೆಗೆ ಮುಂಚೆಯೇ ವೈದ್ಯರನ್ನು ಕಂಡು, ಎಷ್ಟು ನೀರು ಕುಡಿಯಬೇಕು, ಗುಳಿಗೆಯ ಪ್ರಮಾಣ ಬದಲಾಗಬೇಕೇ ಎಂದು ಕೇಳಿಕೊಳ್ಳಲಿ. ತಾವಾಗಿಯೇ ಬಿಡುವುದು ಸಲ್ಲದು.

ಸರಕಾರದವರು ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪಿತವಾದ ಕೃತಕ ಅಂಗ ನಿರ್ಮಾಣ ನಿಗಮವು ಊರುಗೋಲು, ವಾಕರು, ಕಂಕುಳ ಕೋಲುಗಳನ್ನು ದೇಶಕ್ಕೆಲ್ಲ ಮಾಡಿ ಕಳುಹಿಸುತ್ತದೆ. 2017ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ವರ್ಷ ದಾಟಿದ ಬಡವರಿಗೆ ಇವು ಉಚಿತವಾಗಿ ದೊರೆಯುತ್ತವೆ. ಕೂಡಲು ಪೀಠವಿರುವ ಕೋಲೂ ಆಮೇಲೆ ಆ ಪಟ್ಟಿಗೆ ಸೇರಿತು. ದಾರಿಯ ನಡುವೆ ಮರ ಸಿಕ್ಕಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದು, ಒಳ್ಳೆಯ ವಿಚಾರ. ನನ್ನ ಬೇಡಿಕೆ ಅದಕ್ಕಿಂತ ಸಣ್ಣದು. ನಮ್ಮ ಸೀಮೆಗೆ ಬರುವ ವಾಕರುಗಳ ಹಿಡಿಕೆಗೆ ದಪ್ಪ ನೂಲಿನ ಹೊದಿಕೆ, ಅಡ್ಡ ಕೊಳವೆಗೆ ಸಡಿಲವಾದ ಒಂದು ಕೊಡೆಗೂಡು. ಸೈಕಲ್ ಅಂಗಡಿಯವನು ಇವೆರಡಕ್ಕೂ ತೆಗೆದುಕೊಂಡದ್ದು ಒಂದು ಮಧ್ಯಾಹ್ನ.

ಬೇಸಿಗೆಯಲ್ಲಿ ನಮ್ಮ ವಿಭಾಗದ ಸರಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿ ಹಲವು ವರ್ಷಗಳಿಂದ ನಡೆದುಬಂದಿದೆ. ನೌಕರರಿಗೆ ಇದು ಅನುಕೂಲವೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಹಳ್ಳಿಯಿಂದ ತಂಪು ಹೊತ್ತಿನಲ್ಲಿ ಬಂದು, ಸಾಲಿನಲ್ಲಿ ನಿಂತು, ಕಚೇರಿ ಮುಚ್ಚಿದಾಗ ಹೊರಬೀಳುವ ಮುದುಕನಿಗೆ ಸಿಗುವುದು ದಿನದ ಅತಿ ಕೆಟ್ಟ ಬಿಸಿಲು. ಪಟ್ಟಣದಲ್ಲಿ ಕಚೇರಿಯ ಸಮೀಪ ಮನೆಯುಳ್ಳವರು ಆ ಎರಡು ತಿಂಗಳು ನಿಮ್ಮ ಜಗಲಿಯ ಮೇಲೆ ಒಂದು ಕೊಡ ನೀರು, ಒಂದು ಚಾಪೆ ಇಟ್ಟರೆ ಅವರು ನಾಲ್ಕು ಗಂಟೆಯವರೆಗೆ ಕುಳಿತು ಹೋಗುತ್ತಾರೆ. ಅರವಟ್ಟಿಗೆ ಎಂಬ ಶಬ್ದದ ಮೊದಲಲ್ಲಿರುವ ಅರ ಎಂಬುದಕ್ಕೆ ಹಳಗನ್ನಡದಲ್ಲಿ ಧರ್ಮವೆಂದೇ ಅರ್ಥ.

ಹೋದ ವಾರ ಕಾಕಾ ಫೋನು ಮಾಡಿಸಿದ್ದರು. ವಾಕರಿನ ಹಿಂದಿನ ಎರಡು ರಬ್ಬರ್ ಬುಡ ಸವೆದು ಲೋಹ ಕಾಣುತ್ತಿದೆಯಂತೆ. ಆಳಂದದಿಂದ ಬರುವಾಗ ತರಬೇಕು, ನಾಲ್ಕೂ ಹೊಸವನ್ನೇ ತಾ, ಎರಡು ಹಳೆಯವು ಎರಡು ಹೊಸವು ಆದರೆ ಕುದುರೆ ಕುಂಟುತ್ತದೆ ಎಂದರು.